ಅಳತೆಗೆ ಬಂದವನೆಂದುಕೊಂಡೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದನ್ನು ಬರೆಯದಿದ್ದರೆ ಹೊಟ್ಟೆ ಒಡೆದೀತು.

ಕಾಪುವಿನಲ್ಲಿರುವ ಮಗಳ ಮಗಳು ಕಾಲೇಜಿಗೆಂದು ಕಾರ್ಕಳಕ್ಕೆ ಬಂದವಳು ನನ್ನ ಜೊತೆಗೇ ಉಳಿದಳು. ಈಗ ಮಣಿಪಾಲದ ಒಂದು ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಹೊರದೇಶದ ಡಾಕ್ಟರರು ಮಾತಾಡಿದ್ದನ್ನು ಕೇಳಿ ಟೈಪ್ ಮಾಡುವುದು. ಮನೆಯಿಂದಲೇ ಮಾಡಬಹುದು, ಆದರೆ ಸೋಮವಾರದೊಳಗೆ ಇಂಟರ್ನೆಟ್ಟಿನ ತಂತಿ ಮನೆಗೆ ಬಂದಿರಬೇಕು. ಮೊಬೈಲಿನದ್ದು ಸಾಲದಂತೆ. ತಂತಿ ಬಾರದಿದ್ದರೆ ಅವಳು ಮಣಿಪಾಲದಲ್ಲಿ ರೂಮು ಹಿಡಿಯಬೇಕು.

ತಂತಿ ಎಂದ ಕೂಡಲೇ ನಾನು ಆಸೆ ಬಿಟ್ಟೆ. ಫೋನು, ಗ್ಯಾಸು, ಸ್ಕೂಟರು ಎಲ್ಲಕ್ಕೂ ಹೆಸರು ಬರೆಸಿ ಕಾದ ಕಾಲದವಳು ನಾನು. ಫೋನಿಗೆ ಅರ್ಜಿ ಕೊಟ್ಟಾಗ ಮಗಳು ಮೂರನೇ ಕ್ಲಾಸು. ಒಬ್ಬ ಬಂದು ರಸ್ತೆಯಿಂದ ಮನೆಗೆ ಎಷ್ಟು ದೂರವೆಂದು ಅಳತೆ ಮಾಡಿದ. ಮರೆತುಬಿಡಬಾರದೆಂದು ಅವನಿಗೆ ಕೋಳಿ ಸಾರು, ರೊಟ್ಟಿ ಬಡಿಸಿದೆವು. ಆಮೇಲೆ ಕಂಬಕ್ಕೆ ಕಾದೆವು, ತಂತಿಗೆ ಕಾದೆವು. ಫೋನು ಬಂದದ್ದು ಮಗಳು ಮದುವೆಯಾಗಿ ಹೋದ ಮೇಲೆ.

ಶನಿವಾರ ಸಂಜೆ ಮೊಮ್ಮಗಳು ಮೊಬೈಲಿನಲ್ಲೇ ಅರ್ಜಿ ಹಾಕಿದಳು. ನಾನು ಅವಳ ಪೆಟ್ಟಿಗೆಗೆ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ತುಂಬಿಸಿದೆ.

“ನನ್ನನ್ನು ಓಡಿಸಲಿಕ್ಕೆ ಎಷ್ಟು ಅರ್ಜೆಂಟ್ ಉಂಟು ಅಜ್ಜಿ ನಿಮಗೆ” ಎಂದಳು.

ಆದಿತ್ಯವಾರ ಬೆಳಿಗ್ಗೆ ಏಣಿ ಹಿಡಿದು ಒಬ್ಬ ಬಂದ. ರಜೆಯ ದಿನವೂ ಅಳತೆಗೆ ಬಂದನಲ್ಲ ಎಂದು ನಾನು ಹಳೇ ಕ್ರಮದಂತೆ ಕೋಳಿ ತರಿಸಿದೆ. ಸಾರು ಒಲೆಯಿಂದ ಇಳಿಯುವಾಗ ಅವನು ಏಣಿ ಮಡಚುತ್ತಿದ್ದ.

“ಅಳತೆ ಆಯಿತಾ? ಇನ್ನು ಕಂಬ ಯಾವ ವರ್ಷ?”

“ಎಂತ ಕಂಬ ಅಮ್ಮ? ಕನೆಕ್ಷನ್ ಕೊಟ್ಟಾಯಿತಲ್ಲ.”

“ಮುದುಕಿಯ ಹತ್ತಿರ ತಮಾಷೆ ಬೇಡ ಮಾರಾಯ.”

ಒಳಗೆ ಹೋದೆ. ಕಂಪ್ಯೂಟರಿನಲ್ಲಿ ಮೊಮ್ಮಗಳ ಗೆಳತಿ, ನನ್ನನ್ನು ನೋಡಿ ಕೈ ಬೀಸಿದಳು. ನಾನು ತುಂಬಿಸಿಟ್ಟ ಆ ಪೆಟ್ಟಿಗೆಯ ಮೇಲೆಯೇ ಕುಳಿತೆ.

ಅವನಿಗೆ ಬಡಿಸುತ್ತಿದ್ದಾಗ ಗೇಟಿನಲ್ಲಿ ಇನ್ನೊಂದು ಕಂಪೆನಿಯ ಹೆಂಗಸು. “ಅಮ್ಮ, ಇಂಟರ್ನೆಟ್ ಬೇಕಾ? ಇವತ್ತೇ ಹಾಕಿ ಕೊಡುತ್ತೇವೆ.”

“ಇಲ್ಲಿ ಆಯಿತು ಮಾರಾಯ್ತಿ, ಆಚೆ ಮನೆ ನೋಡು” ಎಂದ ಅವನು, ಬಾಯಿಯಲ್ಲಿ ರೊಟ್ಟಿ ಇಟ್ಟುಕೊಂಡೇ.

ಒಂದು ಫೋನಿಗಾಗಿ ಉಡುಪಿಯ ಕಚೇರಿಗೆ ಅಲೆದು ನನ್ನ ಗಂಡನ ಚಪ್ಪಲಿ ಸವೆದಿತ್ತು. ಆಗ ಕೊಡುವವರು ಸರ್ಕಾರದವರು ಮಾತ್ರ. ಈಗ ಹೆಣ್ಣು ಕೇಳಲು ಬಂದವರ ಹಾಗೆ ಇಬ್ಬಿಬ್ಬರು ಅಂಗಳದಲ್ಲಿ. ಅವಳನ್ನೂ ಕರೆದು ಕುಳ್ಳಿರಿಸಿ ಬಡಿಸಿದೆ.

ಸೋಮವಾರ ಪೆಟ್ಟಿಗೆ ಬಿಚ್ಚಿ ಅಕ್ಕಿಯನ್ನು ಡಬ್ಬಕ್ಕೆ ಸುರಿಯುತ್ತಿದ್ದೆ.

“ಅಜ್ಜಿ, ಸದ್ದು ಮಾಡಬೇಡಿ. ಡಾಕ್ಟರ್ ಮಾತಾಡ್ತಿದ್ದಾರೆ” ಎಂದಳು ಒಳಗಿಂದ.

ನಾನು ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಕ್ಕಿಯನ್ನು ಮುಷ್ಟಿ ಮುಷ್ಟಿಯಾಗಿ ಹಾಕತೊಡಗಿದೆ.