ತೋಡಿಯ ನಡುವೆ ಹಾರ-ತುರಾಯಿ

ಕೊಪ್ಪಳ ಜಿಲ್ಲೆಯಾದದ್ದು ತೊಂಬತ್ತೇಳರಲ್ಲಿ. ಎಲ್ಲರಿಗೂ ಸಂತೋಷವಾಯಿತು, ನನಗೂ ಆಯಿತು. ಒಂದು ಸಹಿಗಾಗಿ ರಾಯಚೂರಿನ ಬಸ್ಸು ಹತ್ತಿ ದಿನವೆಲ್ಲ ಕಳೆಯುವುದು ತಪ್ಪಿತು. ಆದರೆ ಅದರಿಂದ ನಮ್ಮ ಸಂಗೀತ ಸಭೆಗೆ ಏನಾಯಿತು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ನಾನು ಹೇಳುತ್ತೇನೆ. ಸೋಫಾ ಬಂತು.

ಅದಕ್ಕೂ ಮೊದಲು ನಮ್ಮ ಸಭೆಯಲ್ಲಿ ಇದ್ದದ್ದು ಎರಡು ಜಮಖಾನೆ, ಒಂದು ಮೈಕು. ತಿಂಗಳ ಮೊದಲ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ, ಹತ್ತಿ ಗಿರಣಿಯವರು ಬಿಟ್ಟುಕೊಟ್ಟ ಹಳೆಯ ಗೋದಾಮಿನಲ್ಲಿ ಕೂಡುತ್ತಿದ್ದೆವು. ಕುಷ್ಟಗಿಯಿಂದ, ಯಲಬುರ್ಗಿಯಿಂದ ಮೊದಲ ಬಸ್ಸಿಗೆ ಬರುವವರಿದ್ದರು. ಮರಳಿ ಎಂಬ ಹಳ್ಳಿಯ ರೈತನೊಬ್ಬ ಗದ್ದೆಗೆ ನೀರು ಬಿಟ್ಟು ಹಾಗೇ ಕೆಸರುಗಾಲಲ್ಲಿ ಹೊರಟು, ಬಾಗಿಲ ಹೊರಗೆ ಕಾಲು ತೊಳೆದು ಒಳಗೆ ಬರುತ್ತಿದ್ದ. ಹಾಡು ನಡೆದಿರುವಾಗ ಬಂದವರು ಬಾಗಿಲಲ್ಲೇ ನಿಲ್ಲಬೇಕು, ಚೀಜು ಮುಗಿದ ಮೇಲೆ ಒಳಗೆ ಬರಬೇಕು. ಇದನ್ನು ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ. ನನಗೆ ಕಲಿಸಿದವನು ನಮ್ಮಜ್ಜ. ಚಿಕ್ಕವನಿದ್ದಾಗ ಭಜನೆಯ ನಡುವೆ ಹಾಡುವವರ ಮುಂದಿನಿಂದ ದಾಟಿ ಹೋಗಿದ್ದಕ್ಕೆ ನನ್ನ ರಟ್ಟೆ ಹಿಡಿದು, "ಉಣ್ಣಾಕ ಕುಂತವರ ತಾಟು ದಾಟತೀಯೇನಲೇ?" ಎಂದು ಗದರಿದ್ದ.

ಜಿಲ್ಲೆಯಾಯಿತು, ಊರಿಗೆ ಸಾಹೇಬರುಗಳು ಬಂದರು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಸಭೆಯ ಅಧ್ಯಕ್ಷರಿಗೆ ಒಮ್ಮೆಲೇ ದೊಡ್ಡ ಜನರ ಹಸಿವು ಹತ್ತಿತು. ಮುಂದಿನ ಸಾಲಿನಲ್ಲಿ ಸೋಫಾ ಬಂತು, ಅದರ ಮುಂದೆ ಟೀಪಾಯಿ ಬಂತು, ಟೀಪಾಯಿಯ ಮೇಲೆ ಹಾರದ ತಟ್ಟೆ ಬಂತು. ಸೋಫಾ ಎಷ್ಟೋ ಸಲ ಕೊನೆಯವರೆಗೂ ಖಾಲಿ ಇರುತ್ತಿತ್ತು. ಖಾಲಿ ಇದೆಯಲ್ಲ ಎಂದು ಮರಳಿಯ ರೈತ ಒಂದು ದಿನ ಅದರ ಮೇಲೆ ಕೂತ. ಅಧ್ಯಕ್ಷರು ಅವನ ಕಿವಿಯಲ್ಲಿ ಏನೋ ಅಂದರು. ಆತ ಎದ್ದು ಗೋಡೆಗೆ ಹೋಗಿ ನಿಂತ. ಮುಂದಿನ ತಿಂಗಳಿಂದ ಬರಲಿಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ರಾಗ ಗುರುತು ಹಿಡಿಯುತ್ತಿದ್ದವನು ಅವನು. ಒಬ್ಬರೂ ಅವನನ್ನು ಕರೆಯಲು ಹೋಗಲಿಲ್ಲ.

ನಾನಾಗ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಧ್ವನಿ ಗಟ್ಟಿ ಎಂದು ಸಭೆಯ ನಿರೂಪಣೆ ನನಗೆ ಬಂದಿತ್ತು. ಯಾರು ಹಾಡುತ್ತಾರೆ, ಯಾರು ಹಾರ ಹಾಕುತ್ತಾರೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ಬರಬರುತ್ತ ಹಾಡುವವರ ಬಗ್ಗೆ ಹೇಳುವುದು ಎರಡು ಸಾಲಾಯಿತು, ಹಾರದ್ದು ಎರಡು ಹಾಳೆಯಾಯಿತು. ಹಾಳೆ ಓದಿದವನು ನಾನೇ.

ಈಗ ಅಳವಂಡಿಯ ಅಕ್ಕೋರ ವಿಷಯ. ಅಲ್ಲಿನ ಕನ್ನಡ ಸಾಲೆಯ ಶಿಕ್ಷಕಿ, ಆಗ ಐವತ್ತರ ಹತ್ತಿರ ಹತ್ತಿರ. ಹತ್ತು ವರ್ಷ ನಮ್ಮ ಪ್ರತಿ ಕಾರ್ಯಕ್ರಮಕ್ಕೂ ಪ್ರಾರ್ಥನೆ ಹಾಡಿದವರು. ಬರುವುದು, ಸೆರಗು ಹೊದ್ದು ಮೈಕಿನ ಮುಂದೆ ನಿಲ್ಲುವುದು, ಮೂರು ನಿಮಿಷ ಹಾಡುವುದು, ಇಳಿದು ಹಿಂದಿನ ಸಾಲಿಗೆ ಹೋಗಿ ಕೂರುವುದು. ಚಪ್ಪಾಳೆಯನ್ನೂ ಯಾರೂ ಹೊಡೆಯುತ್ತಿರಲಿಲ್ಲ, ಪ್ರಾರ್ಥನೆಗೆ ಹೊಡೆಯಬಾರದು ಎಂದು. ಅವರ ತಂದೆ ಭಜನಾ ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವರು. ಊರಿನ ಮಠದಲ್ಲಿ ತಂಗಿದ್ದ ಒಬ್ಬ ಗವಾಯಿಗಳ ಹತ್ತಿರ ಮಗಳನ್ನು ನಾಲ್ಕು ವರ್ಷ ಕಲಿಯಲು ಬಿಟ್ಟಿದ್ದರು. ಆಮೇಲೆ ಮದುವೆ, ನೌಕರಿ, ಮಕ್ಕಳು. ಇಷ್ಟು ನಮಗೆ ಗೊತ್ತಿತ್ತು. ಎದ್ದ ಕೂಡಲೇ ಒಂದು ತಾಸು ಅವರು ತಂಬೂರಿ ಹಿಡಿಯುತ್ತಾರೆ, ಅದನ್ನು ಒಂದು ದಿನವೂ ಬಿಟ್ಟಿಲ್ಲ ಎನ್ನುವುದು ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು?

ಕಂಡುಹಿಡಿದವನು ಟೇಲರ್ ಕಾಕಾ. ಗಂಗಾವತಿಯಲ್ಲಿ ಅಂಗಿ ಹೊಲಿಯುವ ಅಂಗಡಿ, ನಮ್ಮಲ್ಲಿ ತಬಲಾ. ಒಂದು ರವಿವಾರ ಮೈಕು ಪರೀಕ್ಷೆ ಮಾಡಲು ಯಾರೋ ಅಕ್ಕೋರಿಗೆ ಏನಾದರೂ ಹಾಡಿ ಎಂದರು. ಅವರು ಪ್ರಾರ್ಥನೆಯ ಸಾಲು ಬಿಟ್ಟು ತೋಡಿ ರಾಗದ ನಾಲ್ಕು ಸ್ವರ ಅಂದರು. ಶ್ರುತಿ ಕೂಡಿಸಲು ತಬಲಾಕ್ಕೆ ಸುತ್ತಿಗೆ ಹೊಡೆಯುತ್ತಿದ್ದ ಕಾಕಾನ ಕೈ ಹಾಗೇ ನಿಂತಿತು. ಕಾರ್ಯಕ್ರಮ ಮುಗಿದದ್ದೇ ಅಧ್ಯಕ್ಷರನ್ನು ಹಿಡಿದುಕೊಂಡ.

"ಹತ್ತ ವರ್ಷಾತು, ಈ ಅಕ್ಕೋರನ್ನ ಮೂರು ಮಿನಿಟಿಗೆ ಎಬಸ್ತೀರಿ. ನಿಮಗ ಕಿವಿ ಅದಾವೋ, ಇಲ್ಲ ಚಸ್ಮಾ ಸಿಗಸಾಕ ಇಟಗೊಂಡೀರೋ?"

"ಕಾಕಾ, ಸಿಟ್ಟ್ಯಾಕ? ಒಂದ ಕಾರ್ಯಕ್ರಮ ಕೊಟ್ರಾತು," ಎಂದರು ಅಧ್ಯಕ್ಷರು, ಮನೆಗೆ ಬಂದವರಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟರಾಯಿತು ಎನ್ನುವ ಹಾಗೆ.

ಹೇಳಲು ಅಳವಂಡಿಗೆ ಹೋದವನು ನಾನು. ಅಕ್ಕೋರು ಹಿಗ್ಗಲಿಲ್ಲ. ನನ್ನನ್ನು ಕೂರಿಸಿ, ಸಾಲೆಯ ಹುಡುಗರನ್ನು ಕೇಳುವ ಹಾಗೆ ಒಂದೊಂದೇ ಕೇಳಿದರು.

"ಎಷ್ಟ ಹೊತ್ತು ಕೊಡ್ತೀರಿ?"

"ಒಂದ ತಾಸ್ರಿ ಅಕ್ಕೋರ."

"ಪೂರ್ತಿ?"

"ಪೂರ್ತಿರಿ."

"ನಡಕ ಯಾರರ ದೊಡ್ಡವ್ರು ಬಂದ್ರ?"

"ಬಾಗಿಲದಾಗ ನಿಂದರತಾರ್ರಿ. ನಮ್ಮ ಪದ್ಧತಿ ನಿಮಗ ಗೊತ್ತಿಲ್ಲೇನ್ರಿ?"

"ನನಗ ಗೊತ್ತೈತಿ. ನಿಮಗ ನೆನಪೈತೇನು ಅಂತ ಕೇಳಿದೆ." ಆಮೇಲೆ ಅಂದರು: "ಪ್ರಾರ್ಥನಿ ಅವತ್ತ ಬ್ಯಾರೇದವ್ರ ಮಾಡ್ಲಿ. ತೋಡಿ ಹಾಡ್ತೀನಿ. ಒಂದ ಸಲಾರ ಪೂರ್ತಿ ಹಾಡಬೇಕು ತಮ್ಮಾ, ಕೂತ ಕೇಳೋ ಮಂದಿ ಮುಂದ. ಗ್ವಾಡಿ ಮುಂದ ಹಾಡಿ ಸಾಕಾಗೇತಿ."

ಆಗಲಿ ಎಂದು ಬಂದೆ. ಎರಡು ತಿಂಗಳು ಕಾಕಾ ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ತಬಲಾದ ಗಂಟು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಅಳವಂಡಿಗೆ ಹೋದ. ಲಗ್ನದ ಸೀಜನ್ನಿನಲ್ಲಿ ಟೇಲರ್ ಅಂಗಡಿ ಮುಚ್ಚುವುದೆಂದರೆ ಏನು ಎಂದು ಹೊಲಿಯಲು ಬಟ್ಟೆ ಕೊಟ್ಟವರಿಗೆ ಗೊತ್ತು.

ಆ ರವಿವಾರ ಅಕ್ಕೋರು ಎಂಟಕ್ಕೇ ಬಂದರು. ಇಳಕಲ್ ಸೀರೆ, ಕೈಯಲ್ಲಿ ಹಳೇ ಗವಸು ಹಾಕಿದ ತಂಬೂರಿ. ಜನವೂ ಬಂದರು, ಅವರ ಸಾಲೆಯವರೇ ಹದಿನೈದು ಮಂದಿ. ಬರಬೇಕಾದ ಮುಖ್ಯ ಅತಿಥಿಗಳು ಬರಲಿಲ್ಲ. ಹೊಸ ಜಿಲ್ಲೆಯ ಒಬ್ಬ ದೊಡ್ಡ ಸಾಹೇಬರು, ಯಾವ ಇಲಾಖೆ ಎಂದು ಹೇಳುವುದಿಲ್ಲ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಅಧ್ಯಕ್ಷರು ಬಾಗಿಲಿಗೂ ರಸ್ತೆಗೂ ಓಡಾಡಿ ಬೆವೆತು ಬಂದು ನನಗಂದರು:

"ಪ್ರಾರ್ಥನಿ ಸಾಹೇಬ್ರು ಬಂದ ಮ್ಯಾಲೆ ಮಾಡೋಣು. ಅಲ್ಲೀತನಕ ಅಕ್ಕೋರು ಹಾಡತಿರ್ಲಿ."

ಅಲ್ಲೀತನಕ! ಆ ಮಾತಿಗೇ ನಾನು ಹಾಳೆ ಹರಿದು ಅವರ ಮುಖದ ಮೇಲೆ ಒಗೆಯಬೇಕಾಗಿತ್ತು. ಹೂಂ ಎಂದೆ.

ಅಕ್ಕೋರು ಕೂತರು. ವಿಲಂಬಿತದಲ್ಲಿ ಎತ್ತಿಕೊಂಡರು. ತೋಡಿ ಅವಸರದ ರಾಗವಲ್ಲ. ಅದರ ರಿಷಭ, ಗಾಂಧಾರಗಳು ಬಗ್ಗಿ ನಡೆಯುವ ಸ್ವರಗಳು, ಎಳೆದರೆ ಏಳುವುದಿಲ್ಲ, ಅವಾಗಿಯೇ ಏಳುವ ತನಕ ಕಾಯಬೇಕು. ಅಕ್ಕೋರು ಕಾದರು. ನಾವು ಹತ್ತು ವರ್ಷ ಕೇಳಿದ ದನಿಯ ಕೆಳಗೆ ಇನ್ನೊಂದು ದನಿ ಇತ್ತು, ದಪ್ಪ, ಸ್ವಲ್ಪ ಗೊಗ್ಗರು, ಯಾರ ಅಪ್ಪಣೆಗೂ ಕಾಯದ ದನಿ. ಗಾಂಧಾರಕ್ಕೆ ಬಂದು ನಿಂತಾಗ ಕಾಕಾ ತಲೆ ತಗ್ಗಿಸಿಬಿಟ್ಟ, ಬೆರಳು ಮಾತ್ರ ಆಡುತ್ತಿದ್ದವು. ಹಿಂದಿನ ಸಾಲಿನಲ್ಲಿ ಯಾರೋ "ಬೇಶ್" ಎಂದರು, ಬೇರೆ ಯಾರಿಗೋ ಕೇಳಿಸಲೆಂದು ಅಂದದ್ದಲ್ಲ ಅದು. ಅರ್ಧ ತಾಸಾಗಿತ್ತು. ಒಂದೊಂದೇ ಸ್ವರ ಹತ್ತುತ್ತ ಅವರು ನಿಷಾದಕ್ಕೆ ಬಂದಿದ್ದರು. ಇನ್ನು ಮೇಲಿನ ಷಡ್ಜ. ಇಡೀ ಗೋದಾಮು ಅದನ್ನು ಕಾಯುತ್ತಿತ್ತು. ಖಯಾಲು ಕೇಳಿದವರಿಗೆ ಗೊತ್ತು, ಅಷ್ಟು ಹೊತ್ತಿನ ಹತ್ತುವಿಕೆಯೆಲ್ಲ ಆ ಒಂದು ಸ್ವರಕ್ಕಾಗಿ.

ಹೊರಗೆ ಜೀಪಿನ ಬಾಗಿಲು ಬಡಿಯಿತು.

ಅಧ್ಯಕ್ಷರು, ಅವರ ಹಿಂದೆ ಕಮಿಟಿಯವರೆಲ್ಲ ಹಾಡುವವರ ಮುಂದಿನಿಂದಲೇ ಓಡಿದರು. ಓಡುತ್ತಲೇ ನನ್ನ ಕಡೆ ಕೈ ಮಾಡಿದರು, ನಿಲ್ಲಿಸು ಎಂದು. ನಾನು ಸಾಹೇಬರನ್ನು ನೋಡಿದೆ. ನಮ್ಮ ಕಚೇರಿಯ ಕಡತಗಳು ಅವರ ಮೇಜಿಗೂ ಹೋಗುತ್ತಿದ್ದವು. ಎದ್ದು ಹೋಗಿ ಅಕ್ಕೋರ ಮುಂದಿನ ಮೈಕನ್ನು ನನ್ನ ಕಡೆ ತಿರುಗಿಸಿಕೊಂಡು, "ದಯವಿಟ್ಟು ಒಂದೇ ನಿಮಿಷ," ಎಂದೆ.

ಅಕ್ಕೋರ ಬಾಯಿ ತೆರೆದೇ ಇತ್ತು. ಉಸಿರು ತೆಗೆದುಕೊಂಡಾಗಿತ್ತು. ಅದನ್ನು ಹಾಗೇ ಬಿಟ್ಟರು.

ಸಾಹೇಬರನ್ನು ನಾನು ಬೈಯುವುದಿಲ್ಲ. ಅವರು ಬಾಗಿಲಲ್ಲೇ ನಿಂತು, "ಇರ್ಲಿ, ಹಾಡ್ಲಿ, ಹಾಡ್ಲಿ. ನಾನು ಕೂತ್ಕೊಂಡು ಕೇಳ್ತೀನಿ," ಎಂದರು. ಕೇಳಲು ಬಂದ ಮನುಷ್ಯನನ್ನು ಕೇಳಲು ಬಿಡದವರು ನಾವು.

"ಇಲ್ರಿ ಸರ್, ಮೊದಲ ಕಾರ್ಯಕ್ರಮ ಸುರು ಆಗ್ಲಿ," ಎಂದರು ಅಧ್ಯಕ್ಷರು.

ಹಾಗಾದರೆ ಅರ್ಧ ತಾಸಿನಿಂದ ನಡೆದದ್ದು ಏನು? ಇದನ್ನು ಆಗಲೂ ಯಾರೂ ಕೇಳಲಿಲ್ಲ. ಈಗ ನಾನು ಕಾಗದದ ಮೇಲೆ ಕೇಳುತ್ತಿದ್ದೇನೆ, ಹೇಡಿಯ ಹಾಗೆ.

ಕಾರ್ಯಕ್ರಮ ಸುರುವಾಗಬೇಕೆಂದರೆ ಪ್ರಾರ್ಥನೆ ಆಗಬೇಕು. ಪ್ರಾರ್ಥನೆಗೆಂದು ಬಂದಿದ್ದ ಇಬ್ಬರು ಹುಡುಗಿಯರು ಕಾದು ಬೇಸತ್ತು ಮನೆಗೆ ಹೋಗಿದ್ದರು. ಅಧ್ಯಕ್ಷರು ಅತ್ತಿತ್ತ ನೋಡಿದರು, ನಕ್ಕರು. "ಅಕ್ಕೋರ ಇಲ್ಲೇ ಅದಾರಲ್ಲ! ಅವರಿಗೇನು ಹೊಸದ?"

"ಏನ್ರಿ ಇದು?" ಎಂದ ಕಾಕಾ, ತಬಲಾದಿಂದ ಕೈ ತೆಗೆದು. "ರಾಗದ ನಡಕ ಪ್ರಾರ್ಥನಿಯೇನು? ಉಣ್ಣಾಕತ್ತವನ್ನ ಎಬ್ಬಿಸಿ ಕೈ ತೊಳ್ಕೊಂಡ ಬಾ ಅಂದಂಗಾತು."

"ಕಾಕಾ, ಸಾಹೇಬ್ರ ಮುಂದ ಬ್ಯಾಡ," ಎಂದು ಹಲ್ಲು ಕಚ್ಚಿ ಅಂದವನು ನಾನು. ಮೈಕಿನಲ್ಲಿ ಹೇಳಿದವನೂ ನಾನು: "ಈಗ ಮೊದಲಿಗೆ ಪ್ರಾರ್ಥನೆ."

ಅಕ್ಕೋರು ನನ್ನನ್ನು ನೋಡಿದರು. ಅಂಥ ನೋಟವನ್ನು ಅವರ ಸಾಲೆಯ ಹುಡುಗರು ಮನೆಪಾಠ ಮಾಡದೆ ಬಂದ ದಿನ ಕಂಡಿರಬಹುದು. ತಂಬೂರಿ ಕೆಳಗಿಟ್ಟು ಎದ್ದು ನಿಂತು, ಸೆರಗು ಹೊದ್ದು, ಮೂರು ನಿಮಿಷದ ಪ್ರಾರ್ಥನೆಯನ್ನು ಮೂರೇ ನಿಮಿಷದಲ್ಲಿ ಹಾಡಿದರು. ಒಂದು ಸ್ವರವನ್ನೂ ಹೆಚ್ಚು ಹಿಡಿಯಲಿಲ್ಲ. ಸೋಫಾದವರು ಚಪ್ಪಾಳೆ ಹೊಡೆದರು, ಅವರನ್ನು ನೋಡಿ ಉಳಿದವರೂ ಹೊಡೆದರು.

ಆಮೇಲೆ ಸ್ವಾಗತ, ಹಾರ, ತುರಾಯಿ, ಶಾಲು. ಹಾರ ಹಾಕಿದವರಿಗೆ ಹಾರ ಹಾಕಿದರು. ಜಿಲ್ಲೆಯ ಅಭಿವೃದ್ಧಿಯ ಬಗ್ಗೆ ಅಧ್ಯಕ್ಷರು ಮಾತಾಡಿದರು, ಸಂಗೀತದಿಂದ ಬೆಳೆ ಚೆನ್ನಾಗಿ ಬರುತ್ತದೆ ಎಂದೂ ಹೇಳಿದರು, ಗೊಬ್ಬರದ ಅಂಗಡಿಯವರಾಗಿಯೂ. ಸಾಹೇಬರು ಗಡಿಯಾರ ನೋಡಿಕೊಂಡು ಎರಡು ಮಾತಾಡಿ ಎದ್ದು ಹೋದರು. ಅವರನ್ನು ಬೀಳ್ಕೊಡಲು ಅರ್ಧ ಜನ ಹೊರಗೆ ಹೋಯಿತು. ನಾಷ್ಟಾಕ್ಕೆ ಮಾಡಿಸಿದ್ದ ಸುಸಲಾ, ಮಿರ್ಚಿಯ ವಾಸನೆ ಹಿಡಿದು ಉಳಿದ ಅರ್ಧವೂ ಹೋಯಿತು. ಹನ್ನೆರಡು ಹೊಡೆದಿತ್ತು.

"ಅಕ್ಕೋರ, ಒಂದ ಹತ್ತ ಮಿನಿಟ ಲಘುವಾಗಿ ಏನರ ಹಾಡಿ ಮುಗಿಸಿಬಿಡ್ರಿ. ಮಿರ್ಚಿ ಆರತಾವು," ಎಂದರು ಅಧ್ಯಕ್ಷರು.

"ನಾ ತಂದದ್ದು ಲಘು ಅಲ್ರಿ," ಎಂದು ಅಕ್ಕೋರು ತಂಬೂರಿಗೆ ಗವಸು ಹಾಕಿದರು.

ಅಷ್ಟಾದ ಮೇಲೆ ನಾನು ವಂದನಾರ್ಪಣೆ ಮಾಡಿದೆ. "ಸುಶ್ರಾವ್ಯವಾಗಿ ಹಾಡಿ ನಮ್ಮನ್ನು ರಂಜಿಸಿದ" ಎಂದು ಮೊದಲೇ ಬರೆದುಕೊಂಡದ್ದನ್ನು ಓದಿದೆ. ಹಾಳೆಯಲ್ಲಿ ಇದ್ದದ್ದನ್ನು ಓದದೇ ಬಿಡುವಷ್ಟು ಮರ್ಯಾದೆಯೂ ನನಗಿರಲಿಲ್ಲ.

ಆ ವಾರವೆಲ್ಲ ಸಿಟ್ಟಿನಲ್ಲಿ ಕುದ್ದೆ. ಅಧ್ಯಕ್ಷರ ಅಂಗಡಿಗೆ ಹೋಗಿ ಜಗಳವಾಡಿದೆ. "ಮುಂದಿನ ವರ್ಷ ಇನ್ನೊಮ್ಮೆ ಕೊಟ್ರಾತು, ಬಿಡಪಾ," ಎಂದರು, ಗಿರಾಕಿಯ ಕಡೆ ನೋಡುತ್ತಲೇ. ನಿರೂಪಣೆಯ ಕೆಲಸ ಬಿಟ್ಟೆ ಎಂದು ಹೇಳಿ ಬಂದೆ. ಮುಂದಿನ ರವಿವಾರ ಕಾಕಾನನ್ನು ಕರೆದುಕೊಂಡು ಅಳವಂಡಿಗೆ ಹೋದೆ. ಕಾಕಾ ತಬಲಾದ ಗಂಟು ತಂದಿದ್ದ. ಯಾಕೆಂದು ನಾನು ಕೇಳಲಿಲ್ಲ.

ಅಕ್ಕೋರು ಪಡಸಾಲೆಯಲ್ಲಿ ಚಾಪೆ ಹಾಸಿದರು. ನಾನು ಚಾಪೆಯ ತುದಿಗೆ ಕೂತೆ. ಅವರೇ ಕೇಳಿದರು.

"ಮಾಫಿ ಕೇಳಾಕ ಬಂದೀಯೋ ತಮ್ಮಾ, ಹಾಡು ಕೇಳಾಕ ಬಂದೀಯೋ?"

"ಎರಡಕ್ಕೂ ಬಂದೀನ್ರಿ ಅಕ್ಕೋರ."

"ಎರಡೂ ಕೂಡಿ ಆಗಂಗಿಲ್ಲ. ಮಾಫಿ ಮಾಡಬೇಕಂದ್ರ ಅವತ್ತಿಂದು ನಾ ಮರೀಬೇಕು. ಹಾಡಬೇಕಂದ್ರ ಎಲ್ಲಿ ಬಿಟ್ಟೆ ಅಂತ ನೆನಪ ತಗೀಬೇಕು, ಸಿಟ್ಟ ಇಟಗೊಂಡ ಹಾಡತೀನಿ, ನೀ ಎದುರಿಗೆ ಕುಂತ ಕೇಳಬೇಕು. ಯಾವದು ಬೇಕು?"

ಕಾಕಾ ಗಂಟಿನ ಮೇಲೆ ಕೈ ಇಟ್ಟು ನನ್ನನ್ನು ನೋಡಿದ.

"ಮಾಫಿ ಮಾಡಿಬಿಡ್ರಿ ಅಕ್ಕೋರ," ಎಂದೆ.

"ಆತು, ಮಾಡೀನಿ," ಎಂದರು. ಎದ್ದು ಒಳಗೆ ಹೋಗಿ ಚಹಾ ತಂದರು, ಜೊತೆಗೆ ಚುರುಮುರಿ. ಸಾಲೆಯ ಸುದ್ದಿ ಮಾತಾಡಿದರು, ನನ್ನ ತಾಯಿಯ ಮೊಳಕಾಲು ನೋವು ವಿಚಾರಿಸಿದರು. ನಗುತ್ತಲೇ ಬಾಗಿಲ ತನಕ ಕಳಿಸಿದರು. ಸಭೆಗೆ ಮಾತ್ರ ಅವರು ಮತ್ತೆಂದೂ ಬರಲಿಲ್ಲ, ಪ್ರಾರ್ಥನೆಗೂ. ಸಭೆ ಒಂದು ಕ್ಯಾಸೆಟ್ ತಂದುಕೊಂಡಿತು.

ಬಿಚ್ಚದ ತಬಲಾದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ಕೊಪ್ಪಳದ ತನಕ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಗಂಗಾವತಿಯ ಬಸ್ಸು ಹತ್ತುವಾಗ, ಫುಟ್‌ಬೋರ್ಡಿನ ಮೇಲೆ ನಿಂತು ತಿರುಗಿದ.

"ಹುಚ್ಚ ಸೂಳೆಮಗನ, ಹಾಡು ಬೇಡಬೇಕಾಗಿತ್ತಲ್ಲೋ! ನಿನಗ ಮಾಫಿ ಸಿಕ್ತು. ಅಕ್ಕೋರಿಗೇನ ಸಿಕ್ತು?"

ನನಗೆ ಎಂಥ ಸಿಟ್ಟು ಬಂತೆಂದರೆ, ಬಸ್ಸು ಹೋದ ಮೇಲೂ ಅಲ್ಲೇ ನಿಂತು ಅವನನ್ನೇ ಬೈಯುತ್ತಿದ್ದೆ. ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.