ಮೊಳೆಯಪ್ಪನ ಬಚ್ಚಲ ಬಾಗಿಲು

ನಮ್ಮ ಬೀದಿಯ ಗಾರೆ ಕೆಲಸದ ಮೊಳೆಯಪ್ಪ ಹುಟ್ಟಿದ ಮೇಲೆ ಅಂಗಡಿಯಿಂದ ಒಂದು ಮೊಳೆ, ಒಂದು ಚಿಲಕವನ್ನೂ ಕೊಂಡವನಲ್ಲ, ಕೊಳ್ಳುವವನೂ ಅಲ್ಲ. ಇದನ್ನು ನಾನು ಯಾವ ಕಟ್ಟೆ ಹತ್ತಿಯಾದರೂ ಹೇಳಬಲ್ಲೆ. ಸೊಟ್ಟ ಮೊಳೆ ಕಂಡರೆ ಅವನಿಗೆ ಅನಾಥ ಮಗು ಕಂಡಷ್ಟು ಸಂಕಟ. ಎತ್ತಿ ತಂದು, ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕುತ್ತಾನೆ. ಆ ಮೊಳೆಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಗೂಟ ಹೊಡೆದು ವಾಪಸು ಬರಬಹುದು.

ಲೋಕದವರು ಮನೆ ಕಟ್ಟಿ ಕಿಟಕಿ ಇಡುತ್ತಾರೆ. ಇವನು ಕೆಡವಿದ ಮನೆಗಳ ಕಿಟಕಿ ಕೂಡಿಸಿ, ಅವುಗಳ ಸುತ್ತ ಮನೆ ಕಟ್ಟಿದ. ಅಡುಗೆಮನೆಯದು ಯಾವುದೋ ಟಿಕೆಟ್ ಕೌಂಟರಿನ ಕಿಟಕಿ. ನೆಲದಲ್ಲಿ ಹದಿನೇಳು ಮನೆಗಳ ಟೈಲ್ಸ್. ಮಳೆ ಮಾತ್ರ ಒಂದು ಹನಿ ಒಳಗೆ ಬಂದದ್ದಿಲ್ಲ.

ಇಲ್ಲದ್ದು ಒಂದೇ, ಬಚ್ಚಲಿಗೆ ಬಾಗಿಲು. ಹನ್ನೊಂದು ವರ್ಷದಿಂದ ಗೋಣಿತಾಟು ತೂಗುತ್ತಿತ್ತು. ಹೊಸ ಸೊಸೆ ನಾಲ್ಕು ದಿನ ನೋಡಿದಳು, ಐದನೆಯ ದಿನ ತವರಿಗೆ ಪೆಟ್ಟಿಗೆ ಕಟ್ಟಿದಳು.

"ಮಾವ, ಗಾಳಿ ಬೀಸಿದಾಗೆಲ್ಲ ಬೀದಿಗೆ ದರ್ಶನ ಕೊಡೋಕೆ ನನ್ನ ಕೈಲಾಗಲ್ಲ. ಬಾಗಿಲು ಆದ್ಮೇಲೆ ಹೇಳಿ ಕಳಿಸಿ, ಬರ್ತೀನಿ."

"ಅಂಗಡೀಲಿ ರೆಡಿ ಸಿಗುತ್ತಪ್ಪ" ಎಂದ ಮಗ.

"ಅದು ಬಾಗಿಲೇನೋ? ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ ರಟ್ಟು! ಸೀನಿದ್ರೆ ಬಿದ್ದು ಹೋಗುತ್ತೆ!"

ಅದೇ ವಾರ ಮೂಲೆಯ ಹಳೆಯ ಬಟ್ಟೆ ಗೋದಾಮನ್ನು ಯಂತ್ರ ತಂದು ಕೆಡವತೊಡಗಿದರು. ತೇಗದ ತೊಲೆ, ಬಾಗಿಲು, ಮುಕ್ಕಾಗದ ಇಟ್ಟಿಗೆ, ಎಲ್ಲವೂ ಒಂದೇ ಏಟಿಗೆ ಪುಡಿ, ಪುಡಿಯೆಲ್ಲ ಲಾರಿಗೆ. ಮೊಳೆಯಪ್ಪನ ಮೈ ಉರಿದುಹೋಯಿತು. ನನಗೂ ಉರಿಯಿತು, ಸುಳ್ಳೇಕೆ ಹೇಳಲಿ? ನೂರು ವರ್ಷ ಬೆಳೆದ ಮರ, ಮೂರು ತಲೆಮಾರು ದುಡಿದ ಬಾಗಿಲು, ಕೊನೆಗೆ ಹಳ್ಳ ತುಂಬಿಸುವ ಕಸ! ಉಳಿದಿದ್ದ ಒಂದೇ ಬಾಗಿಲನ್ನು ಲಾರಿಗೆ ಅಡ್ಡ ಎಳೆದು ಹಾಕಿ ಅವನು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಏಳಿ ತಾತ, ಎಲ್ಲಾ ಹಳ್ಳಕ್ಕೆ ಸುರೀಬೇಕಂತೆ" ಎಂದ ಡ್ರೈವರ್.

"ಹಂಗಾದ್ರೆ ನನ್ನನ್ನೂ ಸೇರಿಸಿ ಸುರಿ. ಹಳೇದೆಲ್ಲ ಕಸ ತಾನೆ? ಇದಕ್ಕೂ ನನಗೂ ಹೆಚ್ಚು ಕಮ್ಮಿ ಒಂದೇ ವಯಸ್ಸು!"

ಡ್ರೈವರ್ ಕೈಮುಗಿದು ಲಾರಿ ತಿರುಗಿಸಿದ. ಬಾಗಿಲನ್ನು ಚೌಕಟ್ಟಿನ ಸಮೇತ ಹೊತ್ತವರು ನಾವು ಆರು ಜನ. ಅಂದು ಕುಗ್ಗಿದ ನನ್ನ ನಾಲ್ಕು ಇಂಚು ಎತ್ತರ ಇನ್ನೂ ವಾಪಸು ಬಂದಿಲ್ಲ. ಅವಸರದಲ್ಲಿ ಮೊಳೆಯಪ್ಪ ಅಂದೇ ಸಿಮೆಂಟು ಮೆತ್ತಿ ಕೂರಿಸಿಬಿಟ್ಟ.

ಸೊಸೆ ಬಂದು ಹಿಂದೆ ಮುಂದೆ ನೋಡಿದಳು. "ಮಾವ, ಚಿಲಕ ಹೊರಗಡೆ ಇದೆ. ಒಳಗಡೆ ಏನೂ ಇಲ್ಲ."

"ಗೋದಾಮಿನ ಬಾಗಿಲಮ್ಮ. ಬಟ್ಟೆ ಮೂಟೆ ಒಳಗಿಂದ ಚಿಲಕ ಹಾಕ್ಕೊಳ್ತಾವಾ?"

"ನಾನು ಮೂಟೆ ಅಲ್ಲ. ಒಳಗೊಂದು ಹೊಸ ಚಿಲಕ ತನ್ನಿ."

ಹೊರಗಿನ ಚಿಲಕದ ಮೊಳೆಗಳು ತುಕ್ಕು ಹಿಡಿದು ಮರ ಕಚ್ಚಿದ್ದವು, ಬಾಗಿಲನ್ನೇ ತಿರುಗಿಸಿ ಕೂರಿಸಬೇಕೆಂದರೆ ಗೋಡೆ ಒಡೆಯಬೇಕು. ಒಡೆಯುವುದು ಮೊಳೆಯಪ್ಪನ ಜಾತಕದಲ್ಲೇ ಇಲ್ಲ. ಡಬ್ಬ ಸುರಿದ. ಚಿಲಕಗಳು ಮುನ್ನೂರು, ಸಿಕ್ಕಿಸುವ ಕೊಂಡಿ ಒಂದಕ್ಕೂ ಇಲ್ಲ.

"ಕೊಂಡಿ ಎಲ್ಲಾದ್ರೂ ಸಿಗುತ್ತೆ. ಅಲ್ಲೀವರೆಗೆ ಕೆಮ್ಮುತ್ತಾ ಸ್ನಾನ ಮಾಡು, ಯಾರೂ ಬರಲ್ಲ. ನಾನೇ ತೋರಿಸ್ತೀನಿ ನೋಡು" ಎಂದು ಟವೆಲ್ ಹೆಗಲಿಗೇರಿಸಿ ಒಳಹೊಕ್ಕ.

ಸೊಸೆ ಸದ್ದಿಲ್ಲದೆ ಹೊರಗಿನ ಚಿಲಕ ಎಳೆದಳು.

ಒಳಗಿನಿಂದ ಮೊದಲು ನೀರು ಸುರಿದುಕೊಳ್ಳುವ ಸದ್ದಿನ ಜೊತೆ ಕೆಮ್ಮು ಬಂತು, ಆಮೇಲೆ ಬೈಗುಳ, ಆಮೇಲೆ ಒದೆತ. ಮೂರನೆಯ ಬೀದಿಯ ನಾಯಿಗಳು ಊರು ಬಿಟ್ಟವು. ಬಾಗಿಲು ಮಿಸುಕಲಿಲ್ಲ.

"ಹೊಸ ಚಿಲಕ ತರ್ತೀನಿ ಅನ್ನಿ ಮಾವ, ತೆಗೀತೀನಿ."

"ಸಾಯೋವರೆಗೂ ಇಲ್ಲೇ ಇರ್ತೀನಿ!"

"ಇರಿ. ನೀರಂತೂ ಒಳಗೇ ಇದೆ."

ಅರ್ಧ ಗಂಟೆಯ ಮೇಲೆ ಸಣ್ಣ ದನಿ ಕೇಳಿತು. "ತರ್ತೀನಿ. ಸ್ಕ್ರೂ ಮಾತ್ರ ನನ್ನ ಡಬ್ಬದ್ದೇ."

ಕಟ್ಟೆ ಹತ್ತಿ ಹೇಳುವ ನನ್ನ ಮಾತು ಅಲ್ಲಿಗೆ ಮಣ್ಣುಪಾಲಾಯಿತು.

ಬಾಗಿಲು ತೆರೆದಾಗ ಮಗ ಹಲ್ಲು ಕಿರಿದ. "ಅಂಗಡಿ ಬಾಗಿಲು ತಂದಿದ್ರೆ ಈ ಪಾಡು ಬರ್ತಿತ್ತೇನಪ್ಪ?"

ಮೊಳೆಯಪ್ಪ ಭುಜ ಉಜ್ಜಿಕೊಂಡ. "ಎಲ್ಲಿಂದ ಬರುತ್ತೆ! ಅರ್ಧ ಗಂಟೆ ಒದ್ದೆ, ಭುಜ ಕೊಟ್ಟು ಗುದ್ದಿದೆ, ಕೂದಲೆಳೆಯಷ್ಟು ಅಲ್ಲಾಡ್ಲಿಲ್ಲ. ನಿನ್ನ ರಟ್ಟು ಆಗಿದ್ರೆ ಮೊದಲನೇ ಒದೆಗೇ ಮುರಿದು, ನಾನು ಟವೆಲ್ಲೂ ಇಲ್ದೆ ಇಡೀ ಬೀದಿಗೆ ದರ್ಶನ ಕೊಡ್ತಿದ್ದೆ!"