ಬಸವಣ್ಣನ ಪಕ್ಕದ ಪೀಟರ್

ಗೂಳಪ್ಪನಿಗೆ ಪೀಟರನ ಹುಚ್ಚು ಹಿಡಿದದ್ದು ದೋಹಾಕ್ಕೆ ಬಂದ ಇಪ್ಪತ್ತನೆಯ ವರ್ಷದಲ್ಲಿ. ಬಾದಾಮಿ ಕಡೆಯ ಈ ಗೌಂಡಿ ಅಷ್ಟರಲ್ಲಿ ಸೈಟ್ ಸೂಪರ್‌ವೈಸರ್ ಆಗಿ, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಮನೆ ಮಾಡಿ, ಹೆಂಡತಿ ಗುರವ್ವನನ್ನು ಕರೆಸಿಕೊಂಡಿದ್ದ. ಜೊತೆಗಿದ್ದ ರಷ್ಯದ ಇಂಜಿನಿಯರೊಬ್ಬ ಕೆಲಸ ಬಿಟ್ಟು ಹೋಗುವಾಗ ಮುನ್ನೂರು ವರ್ಷ ಹಿಂದಿನ ತಮ್ಮ ದೊರೆ ಪೀಟರನ ಪಟ ಕೊಟ್ಟುಹೋದ. ಗೂಳಪ್ಪ ಅದನ್ನು ಬಸವಣ್ಣನ ಪಕ್ಕಕ್ಕೇ ಮೊಳೆ ಹೊಡೆದು ತೂಗುಹಾಕಿದ.

ಮನೆಗೆ ಬಂದವರಿಗೆಲ್ಲ ಅದೇ ಪುರಾಣ. "ಜವುಗು ನೆಲದಾಗ ಊರ ಎಬ್ಬಿಸ್ಯಾನ್ರೀ! ನಾವೂ ಉಸುಕಿನಾಗ ಎಬ್ಬಸಾಕತ್ತೀವಿ. ಬಾರಕೋಲ ಇಲ್ಲದ ಗ್ವಾಡಿ ಏಳಂಗಿಲ್ಲ."

"ಅಲ್ಲಿ ಎಷ್ಟ ಸಾವಿರ ಆಳು ಸತ್ರು?" ಎಂದು ಗುರವ್ವ ಕೇಳಿದರೆ, "ಅದನ್ಯಾರ ನೆನಸ್ತಾರ? ಊರ ಉಳೀತಲ್ಲ," ಎನ್ನುತ್ತಿದ್ದ.

ಗುರವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊಬೈಲಿನಲ್ಲಿ ಅವಳೂ ನೋಡಿ ತಿಳಿದುಕೊಂಡಿದ್ದಳು. ಪೀಟರ್ ಕ್ರೂರಿಯೇ ಸರಿ, ಆದರೆ ಹಡಗು ಕಟ್ಟುವಲ್ಲಿ ತಾನೇ ಕೊಡಲಿ ಹಿಡಿದು ಬಡಗಿಯಾಗಿ ದುಡಿದಿದ್ದ. ನೌಕಾಪಡೆ ಕಟ್ಟಿದ್ದ, ಶಾಲೆ ತೆರೆದಿದ್ದ. ತನ್ನ ಗಂಡ ಗಾರೆ ಮೆತ್ತುವ ಕರಣಿ ಮುಟ್ಟಿಯೇ ಹತ್ತು ವರ್ಷವಾಗಿತ್ತು. ದೊರೆಯ ಒಳ್ಳೆಯದನ್ನೆಲ್ಲ ಪಟದಲ್ಲೇ ಬಿಟ್ಟು ಬಾರಕೋಲೊಂದನ್ನು ಮಾತ್ರ ಇಳಿಸಿಕೊಂಡಿದ್ದಾನೆ ಪುಣ್ಯಾತ್ಮ, ಎಂದು ಅವಳು ಕಾಯಿಪಲ್ಲೆ ಹೆಚ್ಚುತ್ತಲೇ ಬೈದುಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಮೂರೂವರೆಯವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬುದು ಇಲ್ಲಿಯ ಕಾನೂನು. ಗೂಳಪ್ಪನ ಕಂಪನಿಯಲ್ಲಿ, ನೆರಳಲ್ಲಿ ಕೂತೆವೆಂದು ಆಳುಗಳು ದಿನವೂ ಒಂದು ಹಾಳೆಗೆ ಸಹಿ ಹಾಕಬೇಕು. ಈತ ಇಡೀ ತಿಂಗಳ ಹಾಳೆಗಳಿಗೆ ಒಂದನೆಯ ತಾರೀಖೇ ಸಹಿ ಹಾಕಿಸಿ, ಮನೆಯಲ್ಲಿಟ್ಟುಕೊಂಡು, ದಿನಕ್ಕೊಂದರಂತೆ ಒಯ್ಯುತ್ತಿದ್ದ. ಕಾಂಕ್ರೀಟ್ ಲಾರಿ ತಡವಾಗಿ ಬಂದ ದಿನ ನೆರಳೂ ಇಲ್ಲ, ನೀರೂ ಇಲ್ಲ, ಬೇಗ ಬೇಗ ಎಂದು ಅರಬ್ಬಿಯಲ್ಲಿ ಬರೀ "ಯಲ್ಲಾ, ಯಲ್ಲಾ!"

ಆಗಸ್ಟಿನ ಅಂಥ ಒಂದು ಮಧ್ಯಾಹ್ನ ಸ್ಲ್ಯಾಬಿನ ಮೇಲೆ ಕುಸಿದವನು ಕಲ್ಮೇಶ. ಗೂಳಪ್ಪನೇ ವೀಸಾ ಕೊಡಿಸಿ ಕರೆತಂದಿದ್ದ ಅಕ್ಕನ ಮಗ. ಮೂರು ದಿನ ಎಚ್ಚರವಿರಲಿಲ್ಲ, ಕಿಡ್ನಿ ಕೈಕೊಟ್ಟಿತ್ತು. ನಾಲ್ಕನೆಯ ದಿನ ಆಸ್ಪತ್ರೆಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದ. ಬಿಸಿಲಲ್ಲಿ ದುಡಿಸಿದ್ದು ಸಾಬೀತಾದರೆ ಚಿಕಿತ್ಸೆಯ ಹೊಣೆ ಕಂಪನಿಯದು; ಇಲ್ಲವಾದರೆ ಮೊದಲೇ ಕಾಯಿಲೆಯಿತ್ತೆಂದು ಬರೆದು ಕಲ್ಮೇಶನನ್ನು ಊರಿಗೆ ಸಾಗಹಾಕುವುದೇ ಸೈ.

ಗೂಳಪ್ಪ ಆ ದಿನದ ಹಾಳೆ ಮುಂದಿಟ್ಟ. "ರೆಸ್ಟ್ ಟೈಮ್, ಸರ್. ನೋ ವರ್ಕ್. ಸೀ, ಹಿಸ್ ಸೈನ್."

ಹಾಸಿಗೆಯಲ್ಲಿದ್ದ ಕಲ್ಮೇಶ ಮಾವನನ್ನೇ ನೋಡಿದ.

ಹಾಸಿಗೆಯ ಪಕ್ಕ ನಿಂತಿದ್ದ ಗುರವ್ವನಿಗೆ ತಡೆಯಲಾಗಲಿಲ್ಲ. "ನಿಮ್ಮ ಪೀಟರ ಹೆತ್ತ ಮಗನ್ನ ಜೈಲಿಗೆ ಹಾಕಿ, ಚಾಟಿಲೆ ಹೊಡಿಸಿ ಸಾಯಿಸ್ಯಾನ. ಅದನ್ನೂ ಬಿಡಬಾರದಂತ ಮಾಡೀರೇನ?"

"ಸುಮ್ಮಕಿರ. ನನ್ನ ನೌಕರಿ ಹೋಗತೈತಿ," ಎಂದು ಗೂಳಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಹೋಗ್ಲಿ. ಕರಣಿ ಹಿಡೀರಿ."

ಬೆಳಿಗ್ಗೆ ಮನೆಯಿಂದ ಎತ್ತಿಕೊಂಡು ಬಂದಿದ್ದ ಇನ್ನೊಂದು ಹಾಳೆಯನ್ನು ಅವಳು ಬ್ಯಾಗಿನಿಂದ ತೆಗೆದು ಇನ್‌ಸ್ಪೆಕ್ಟರನ ಕೈಗಿತ್ತಳು. ಅದರ ಮೇಲಿದ್ದದ್ದು ಮುಂದಿನ ಗುರುವಾರದ ತಾರೀಖು. ಆ ದಿನವೂ ಹತ್ತರಿಂದ ಮೂರೂವರೆಯವರೆಗೆ ನೆರಳಲ್ಲಿ ವಿಶ್ರಾಂತಿ ಪಡೆದೆನೆಂದು ಕಲ್ಮೇಶ ಸಹಿ ಹಾಕಿದ್ದ. ಇನ್‌ಸ್ಪೆಕ್ಟರ್ ಹಾಳೆ ನೋಡಿದ, ಕೊಳವೆ ಚುಚ್ಚಿಸಿಕೊಂಡು ಮಲಗಿದ್ದ ಕಲ್ಮೇಶನನ್ನು ನೋಡಿದ, ಆಮೇಲೆ ಗೂಳಪ್ಪನಿಗೆ ಕುರ್ಚಿ ತೋರಿಸಿ ಕೂತುಕೋ ಎಂದ.